ಗೇರ್‌ಬಾಕ್ಸ್ ಆಯಿಲ್ ನಾವೇ ನೋಡಿ ತುಂಬಿಸೋದು ಹೇಗೆ? ಬಳ್ಳಾರಿ, ರಾಯಚೂರು, ಕೊಪ್ಪಳದ ಕಾರಿನವರಿಗೆ

ಇಂಜಿನ್ ಆಯಿಲ್ ನೋಡೋದು ಎಲ್ಲರಿಗೂ ಗೊತ್ತು. ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ಅರಿವೆಗೆ ಒರೆಸಿ ನೋಡುತ್ತೇವೆ. ಗೇರ್‌ಬಾಕ್ಸ್ ಆಯಿಲ್ ಮಾತ್ರ ಯಾರೂ ಕೇಳುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಅದಕ್ಕೆ ಡಿಪ್‌ಸ್ಟಿಕ್ಕೇ ಇಲ್ಲ, ನೋಡಬೇಕು ಅಂದರೆ ಗಾಡಿ ಕೆಳಗೆ ಹೋಗಿ ಮಲಗಬೇಕು, ನಮ್ಮ ಬಿಸಿಲಿಗೆ ಅದು ಯಾರಿಗೆ ಬೇಕು ಅಲ್ವಾ? ಸರ್ವಿಸ್‌ಗೆ ಬಿಟ್ಟು ಬಂದರೆ ಚೀಟಿಯಲ್ಲಿ ಟಿಕ್ ಹಾಕಿರುತ್ತಾರೆ. ಪ್ಲಗ್ ಮೇಲಿನ ಕೆಮ್ಮಣ್ಣು ಮಾತ್ರ ಎಷ್ಟೋ ಸಲ ಹಾಗೇ ಇರುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಗೇರ್‌ಬಾಕ್ಸ್ ಆಯಿಲ್ ಉರಿದು ಖಾಲಿಯಾಗುವಂಥದ್ದಲ್ಲ. ಇಂಜಿನ್‌ನಲ್ಲಿ ಪಿಸ್ಟನ್ ರಿಂಗ್ ದಾಟಿ ಆಯಿಲ್ ಸ್ವಲ್ಪ ಸ್ವಲ್ಪ ಉರಿಯುತ್ತದೆ, ಅದು ಮಾಮೂಲಿ. ಗೇರ್‌ಬಾಕ್ಸ್ ಒಳಗೆ ಉರಿಯುವ ಮಾತೇ ಇಲ್ಲ. ಲೆವೆಲ್ ಕಡಿಮೆ ಇದೆ ಅಂದರೆ ಎಲ್ಲೋ ಸೋರಿದೆ, ಇಲ್ಲವೇ ಹಿಂದೆ ಹಾಕಿದವರೇ ಕಡಿಮೆ ಹಾಕಿದ್ದಾರೆ. ಹಾಗಾಗಿ ತುಂಬಿಸೋದು ಅರ್ಧ ಕೆಲಸ ಅಷ್ಟೇ. ಎಲ್ಲಿಂದ ಹೋಯಿತು ಅಂತ ಹುಡುಕೋದು ಇನ್ನರ್ಧ, ಅದನ್ನು ಬಿಟ್ಟು ಸುಮ್ನೆ ತುಂಬಿಸುತ್ತಾ ಹೋದರೆ ಆಯಿಲ್ ದುಡ್ಡೂ ದಂಡ, ಒಂದು ದಿನ ಗೇರ್‌ಬಾಕ್ಸೂ ದಂಡ.

ಇಲ್ಲಿ ಹೇಳುವುದೆಲ್ಲ ಕ್ಲಚ್ ಒತ್ತಿ ಗೇರ್ ಹಾಕುವ, ಮುಂದಿನ ಚಕ್ರಕ್ಕೆ ಪವರ್ ಹೋಗುವ ಸಣ್ಣ ಕಾರುಗಳಿಗೆ. ಸ್ವಿಫ್ಟ್, ವ್ಯಾಗನ್ ಆರ್, ಐ10, ಟಿಯಾಗೊ ಎಲ್ಲ ಇದೇ ಜಾತಿ. ಇವುಗಳಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಶಿಯಲ್ (ಎರಡೂ ಚಕ್ರಕ್ಕೆ ಪವರ್ ಹಂಚುವ ಗೇರ್‌ಗಳು) ಒಂದೇ ಡಬ್ಬಿಯೊಳಗೆ ಇರುತ್ತವೆ, ಒಂದೇ ಆಯಿಲ್ ಎರಡಕ್ಕೂ ಸಾಕು. ಬೊಲೆರೊ ತರಹದ ಗಾಡಿಗಾದರೆ ಗೇರ್‌ಬಾಕ್ಸ್ ಬೇರೆ, ಹಿಂದಿನ ಕ್ರೌನ್ (ಹಿಂದಿನ ಚಕ್ರಗಳ ನಡುವಿನ ಡಿಫರೆನ್ಶಿಯಲ್) ಬೇರೆ. ಎರಡಕ್ಕೂ ಬೇರೆ ಪ್ಲಗ್, ಆಯಿಲ್ ಕೂಡ ಬೇರೆ ಇರಬಹುದು. ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಯಂತ್ರವೇ ಗೇರ್ ಹಾಕುವ ಕಾರಿನ ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಆದರೆ ಕೆಲವದರಲ್ಲಿ ಗೇರ್ ಬದಲಿಸುವ ಹೈಡ್ರಾಲಿಕ್ ಭಾಗಕ್ಕೆ ಪ್ರತ್ಯೇಕ ಆಯಿಲ್ ಇರುತ್ತದೆ, ಅದರ ಗೊಡವೆಗೆ ಹೋಗಬೇಡಿ. ಸಿವಿಟಿ, ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಇದ್ದವರು ಇಲ್ಲಿಗೇ ನಿಲ್ಲಿಸಬಹುದು. ಅದರ ಆಯಿಲ್ ಬೇರೆ, ಲೆವೆಲ್ ನೋಡುವ ಕ್ರಮವೂ ಬೇರೆ.

ಯಾವಾಗ ಅನುಮಾನ ಪಡಬೇಕು

ಎರಡನೇ ಗೇರ್‌ಗೆ ಹಾಕುವಾಗ ಕರ್ ಅಂತ ತಿಕ್ಕಿದ ಸದ್ದು. ಬೆಳಗ್ಗೆ ಮೊದಲ ಸಲ ಗೇರ್ ಬೀಳಲು ಕಷ್ಟ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕೆಳಗಿನಿಂದ ಸಣ್ಣ ಕುಂಯ್ ಅನ್ನೋ ರಾಗ, ಆಕ್ಸಿಲರೇಟರ್ ಬಿಟ್ಟರೆ ಸ್ವರ ಬದಲಾಗುವುದು. ಇವು ಕಂಡರೆ ನೋಡಿ. ಹಲವು ಸಣ್ಣ ಕಾರುಗಳಲ್ಲಿ ಐದನೇ ಗೇರ್ ಡಬ್ಬಿಯ ತುದಿಗೆ ಇರುತ್ತದೆ. ಆಯಿಲ್ ಇಳಿದಾಗ ಮೊದಲು ಒಣಗುವುದು ಆ ತುದಿಯೇ. ಹೊಸಪೇಟೆಯಿಂದ ಕೊಪ್ಪಳದ ಕಡೆ ಐದನೇ ಗೇರ್‌ನಲ್ಲಿ ನೆಟ್ಟಗೆ ಓಡಿಸುವಾಗ ಮಾತ್ರ ಸದ್ದು ಬಂದು, ಊರೊಳಗೆ ಎಲ್ಲ ಸರಿ ಅನ್ನಿಸಿದರೆ, ಅದನ್ನು ಟೈರ್ ಸದ್ದು ಅಂತ ತಳ್ಳಿಹಾಕಬೇಡಿ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿರಲಿ, ಇಂಜಿನ್ ಓಡುತ್ತಿರಲಿ. ಘರ ಘರ ಸದ್ದು ಬರುತ್ತಿದ್ದು ಕ್ಲಚ್ ಒತ್ತಿದ ಕೂಡಲೇ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಮೇಲೆ ಅನುಮಾನ. ಉಲ್ಟಾ, ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಅದು ಬಹುತೇಕ ಕ್ಲಚ್ ರಿಲೀಸ್ ಬೇರಿಂಗ್, ಅದಕ್ಕೂ ಗೇರ್ ಆಯಿಲ್‌ಗೂ ಸಂಬಂಧ ಇಲ್ಲ. ಸವೆದ ಬೇರಿಂಗ್ ಆಯಿಲ್ ಹಾಕಿದರೆ ಸರಿಹೋಗುವುದಿಲ್ಲ, ಅದನ್ನೂ ಹೇಳಬೇಕು. ಸದ್ದು ಸ್ವಲ್ಪ ತಗ್ಗಬಹುದು ಅಷ್ಟೇ.

ಯಾವ ಆಯಿಲ್? ಇಲ್ಲೇ ಹೆಚ್ಚು ಜನ ಎಡವೋದು

ನಮ್ಮ ಕಡೆ ಅದಿರು ಲಾರಿ ಜಾಸ್ತಿ, ಗಂಗಾವತಿ, ಸಿಂಧನೂರು ಕಡೆ ಹೋದರೆ ಟ್ರಾಕ್ಟರ್ ಜಾಸ್ತಿ. ಹಾಗಾಗಿ ಆಟೊಮೊಬೈಲ್ಸ್ ಅಂಗಡಿಗೆ ಹೋಗಿ 'ಗೇರ್ ಆಯಿಲ್ ಕೊಡ್ರಿ' ಅಂದರೆ ಸಾಕು, ಬ್ಯಾರಲ್ ಕಡೆ ಕೈ ಹೋಗುತ್ತದೆ. 'ನೈಂಟಿ ಬೇಕೋ, ಒನ್ ಫಾರ್ಟಿ ಬೇಕೋ?' ಅಂತ ಕೇಳುತ್ತಾರೆ. ಕಾರಿಗೆ ರೀ ಅಂದರೆ 'ಎಲ್ಲಾ ಗಾಡಿಗೂ ಇದನ್ನೇ ಹಾಕ್ತಾರ್ರೀ' ಅನ್ನುವ ಉತ್ತರ. ಪಾಪ, ಅವರ ವ್ಯಾಪಾರ ನಡೆಯುವುದೇ ಲಾರಿ, ಟ್ರಾಕ್ಟರ್ ಮೇಲೆ. ಆದರೆ ನಿಮ್ಮ ಕಾರಿಗೆ ಅದು ಬೇಡ.

ನಿಮ್ಮ ಗಾಡಿಯ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಎರಡು ವಿಷಯ ಬರೆದಿರುತ್ತದೆ. ಒಂದು ದಪ್ಪ, ಅಂದರೆ 75ಡಬ್ಲ್ಯು-80, 75ಡಬ್ಲ್ಯು-85, 75ಡಬ್ಲ್ಯು-90 ಇಂಥದ್ದು. ಇನ್ನೊಂದು ದರ್ಜೆ, ಅಂದರೆ ಜಿಎಲ್-4 ಅಥವಾ ಜಿಎಲ್-5. ಎರಡೂ ಸರಿಹೊಂದಬೇಕು. ಹೋಂಡಾದಂಥ ಕಂಪನಿಗಳು ತಮ್ಮದೇ ಎಂಟಿಎಫ್ (ಮ್ಯಾನ್ಯುಯಲ್ ಗೇರ್‌ಬಾಕ್ಸ್ ಆಯಿಲ್) ಅಂತ ಹೇಳಿರುತ್ತವೆ, ಹಾಗಿದ್ದರೆ ವಾದ ಬೇಡ, ಅದನ್ನೇ ತನ್ನಿ.

75ಡಬ್ಲ್ಯು-90 ಅಂದರೆ, ಡಬ್ಲ್ಯುಗಿಂತ ಮೊದಲು ಬರುವ 75 ಆಯಿಲ್ ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಹೇಳುತ್ತದೆ. ಆಮೇಲೆ ಬರುವ 90 ಅನ್ನೋ ಅಂಕಿ 100 ಡಿಗ್ರಿ ಬಿಸಿಯಲ್ಲಿ ಅದರ ದಪ್ಪ ಎಷ್ಟು ಅಂತ ಹೇಳುತ್ತದೆ. ಇದು ಯಾಕೆ ಮುಖ್ಯ ಅಂದರೆ, 'ನಮ್ಮೂರಲ್ಲಿ ನಲವತ್ತೆರಡು ಡಿಗ್ರಿ ಬಿಸಿಲು, ತೆಳು ಆಯಿಲ್ ನಿಲ್ಲಲ್ಲ, 140 ಹಾಕಿ' ಅನ್ನೋ ಸಲಹೆ ಬಳ್ಳಾರಿ, ರಾಯಚೂರಲ್ಲಿ ಸಾಮಾನ್ಯ. ಆಯಿಲ್‌ನ ದಪ್ಪ ಅಳೆದಿರುವುದೇ ನೂರು ಡಿಗ್ರಿಯಲ್ಲಿ. ಹೊರಗಿನ ನಲವತ್ತೆರಡು ಅದಕ್ಕೆ ದೊಡ್ಡ ಲೆಕ್ಕ ಅಲ್ಲ. ದಪ್ಪ ಆಯಿಲ್ ಹಾಕಿದರೆ ಡಿಸೆಂಬರ್ ಬೆಳಗ್ಗೆ ಗೇರ್ ಬೀಳದೆ ಒದ್ದಾಡುತ್ತೀರಿ, ಮೈಲೇಜೂ ಸ್ವಲ್ಪ ತಿನ್ನುತ್ತದೆ. ಹಾಗೇ ಗೇರ್ ಆಯಿಲ್‌ನ 90 ಮತ್ತು ಇಂಜಿನ್ ಆಯಿಲ್‌ನ 40 ಒಂದೇ ಅಳತೆಗೋಲಿನ ಅಂಕಿಗಳಲ್ಲ. 75ಡಬ್ಲ್ಯು-90 ಗೇರ್ ಆಯಿಲ್ ಬಿಸಿಯಲ್ಲಿ ಹೆಚ್ಚುಕಡಿಮೆ 40, 50ರ ಇಂಜಿನ್ ಆಯಿಲ್‌ನಷ್ಟೇ ದಪ್ಪ ಇರುತ್ತದೆ.

ಇನ್ನು ಜಿಎಲ್-4, ಜಿಎಲ್-5. ದೊಡ್ಡ ಅಂಕಿ ಅಂದರೆ ಒಳ್ಳೆ ಆಯಿಲ್ ಅಂದುಕೊಳ್ಳಬೇಡಿ. ಜಿಎಲ್-5 ಇರುವುದು ಹಿಂದಿನ ಕ್ರೌನ್‌ನಂಥ ಜಾಗಕ್ಕೆ. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಭಾರೀ ಒತ್ತಡದಲ್ಲಿ ಜಾರುತ್ತವೆ, ಅದಕ್ಕೆ ಗಂಧಕ, ರಂಜಕದ ಮಿಶ್ರಣ ಜಿಎಲ್-4ಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಾಕಿರುತ್ತಾರೆ. ಗೇರ್‌ಬಾಕ್ಸ್ ಒಳಗೆ ಸಿಂಕ್ರೊ ರಿಂಗ್ ಇರುತ್ತವೆ, ಬಹಳ ಕಾರುಗಳಲ್ಲಿ ಹಿತ್ತಾಳೆಯವು. ಗೇರ್ ಬೀಳುವ ಮೊದಲು ಈ ರಿಂಗ್ ಹೋಗಿ ಗೇರ್‌ನ ಮೈಗೆ ಉಜ್ಜಿ ಎರಡರ ವೇಗ ಒಂದೇ ಮಾಡುತ್ತದೆ. ಉಜ್ಜಲು ಸ್ವಲ್ಪ ಹಿಡಿತ ಬೇಕಲ್ಲ? ಜಿಎಲ್-5 ಹಾಕಿದರೆ ಆ ಹಿಡಿತ ಕಡಿಮೆಯಾಗಿ ಗೇರ್ ಕರ್ ಅನ್ನಬಹುದು. ಕೆಲವು ಜಿಎಲ್-5 ಆಯಿಲ್‌ಗಳು ಕಾಲ ಕಳೆದಂತೆ ಹಿತ್ತಾಳೆಯನ್ನೂ ತಿನ್ನುತ್ತವೆ. ಓನರ್ಸ್ ಮ್ಯಾನ್ಯುಯಲ್ ಜಿಎಲ್-4 ಅಂದರೆ ಜಿಎಲ್-4. ಆಯಿಲ್ ಡಬ್ಬಿ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅಂಗಡಿಯಲ್ಲೇ ಓದಿ. ಲೂಸ್ ಆಯಿಲ್ ಬೇಡವೇ ಬೇಡ. ಸೀಲ್ ಇರುವ ಒಂದು ಲೀಟರ್ ಡಬ್ಬಿ ತನ್ನಿ, ಟಾಪ್ ಅಪ್‌ಗೆ ಅದು ಸಾಕು. ಸಣ್ಣ ಕಾರಿನ ಗೇರ್‌ಬಾಕ್ಸ್ ಪೂರ್ತಿ ಹಿಡಿಯುವುದೇ ಸುಮಾರು ಎರಡು ಲೀಟರ್ ಆಸುಪಾಸು.

ಸಾಮಾನು ಮತ್ತು ಜಾಗ

ಬೇಕಾಗುವುದು ಬಹಳ ಇಲ್ಲ. ಪ್ಲಗ್‌ಗೆ ಸರಿಯಾದ ಪಾನಾ, ಹಳೆ ಬ್ರಶ್, ಬನಿಯನ್ ವೇಸ್ಟ್, ಆಯಿಲ್ ಹಿಡಿಯಲು ಅಗಲ ತಟ್ಟೆ, ಹೊಸ ವಾಷರ್, ಟಾರ್ಚ್. ಪ್ಲಗ್ ಒಂದೊಂದು ಕಾರಿಗೆ ಒಂದೊಂದು ತರಹ. ಕೆಲವಕ್ಕೆ ಮಾಮೂಲಿ ಆರು ಮೂಲೆಯ ತಲೆ, ಕೆಲವಕ್ಕೆ ಅಲೆನ್ ಕೀ ಹೋಗುವ ಕುಳಿ, ಕೆಲವಕ್ಕೆ ಚೌಕ ಕುಳಿ. ಚೌಕ ಇದ್ದರೆ ಹೊಸ ಸಾಮಾನು ತರುವ ಮೊದಲು ಒಮ್ಮೆ ಸಾಕೆಟ್ ತೆಗೆದು ರ‍್ಯಾಚೆಟ್‌ನ ಚೌಕ ತುದಿಯನ್ನೇ ಹಾಕಿ ನೋಡಿ, ಎಷ್ಟೋ ಕಾರಿಗೆ ಅದೇ ಸರಿಯಾಗಿ ಕೂರುತ್ತದೆ.

ಆಯಿಲ್ ತುಂಬಲು ಪ್ಲಗ್ ಇರೋದು ಡಬ್ಬಿಯ ಪಕ್ಕಕ್ಕೆ, ಲಾಳಿಕೆ ಇಡೋಕೆ ಆಗುವುದಿಲ್ಲ. ಮೆಡಿಕಲ್ ಸ್ಟೋರ್‌ನಿಂದ ದೊಡ್ಡ ಸಿರಿಂಜ್, ಹಾರ್ಡ್‌ವೇರ್ ಅಂಗಡಿಯಿಂದ ಗೌಂಡಿಗಳು ಲೆವೆಲ್ ಹಿಡಿಯಲು ಬಳಸುವ ಪಾರದರ್ಶಕ ಪೈಪ್ ಒಂದೆರಡು ಮೀಟರ್ ತನ್ನಿ. ಸಣ್ಣ ಟಾಪ್ ಅಪ್ ಆದರೆ ಸಿರಿಂಜಿಗೆ ಗೇಣುದ್ದ ಪೈಪ್ ಸಿಕ್ಕಿಸಿ ಹಾಕಿದರಾಯಿತು. ಜಾಸ್ತಿ ಹಾಕಬೇಕಿದ್ದರೆ ಬಾನೆಟ್ ಮೇಲಿನಿಂದ ಪೈಪ್ ಇಳಿಬಿಟ್ಟು, ಒಂದು ತುದಿ ಪ್ಲಗ್ ತೂತಿಗೆ, ಇನ್ನೊಂದು ತುದಿಗೆ ಲಾಳಿಕೆ. ಒಬ್ಬರು ಮೇಲೆ ನಿಂತು ಸುರಿಯಬೇಕು, ಒಬ್ಬರು ಕೆಳಗೆ ನೋಡುತ್ತಿರಬೇಕು.

ಜಾಗದ ಬಗ್ಗೆ ತುಸು ತಲೆ ಕೆಡಿಸಿಕೊಳ್ಳಿ. ಈ ಕೆಲಸದಲ್ಲಿ ಲೆವೆಲ್ ಅಂದರೆ ತೂತಿನ ಕೆಳ ಅಂಚು. ಗಾಡಿ ಓರೆ ನಿಂತರೆ ಒಳಗಿನ ಆಯಿಲ್ ಒಂದು ಕಡೆ ಸರಿಯುತ್ತದೆ, ಲೆವೆಲ್ ಸುಳ್ಳು ಹೇಳುತ್ತದೆ. ಮುಂದಷ್ಟೇ ಜಾಕ್ ಹಾಕಿ ಎತ್ತಿ ನೋಡುವವರಿದ್ದಾರೆ. ತೂತು ಯಾವ ಕಡೆ ಇದೆ ಅನ್ನೋದರ ಮೇಲೆ ಕೆಲವರಿಗೆ ಆಯಿಲ್ ತುಂಬಿದಂತೆ ಕಾಣುತ್ತದೆ, ಕೆಲವರಿಗೆ ಖಾಲಿ ಕಾಣುತ್ತದೆ, ಎರಡೂ ನಿಜ ಅಲ್ಲ. ಮನೆ ಮುಂದಿನ ಕಾಂಕ್ರೀಟ್ ರಸ್ತೆ ಚರಂಡಿ ಕಡೆ ಇಳಿಜಾರು ಮಾಡಿಯೇ ಹಾಕಿರುತ್ತಾರೆ, ಅದೂ ಆಗದು. ಸುಲಭದ ದಾರಿ ಅಂದರೆ ಗುಂಡಿ ಇರುವ ಗ್ಯಾರೇಜ್ ಅಥವಾ ನಾಲ್ಕೂ ಚಕ್ರ ಒಟ್ಟಿಗೆ ಎತ್ತುವ ಲಿಫ್ಟ್ ಇರುವ ವಾಟರ್ ಸರ್ವಿಸ್. ಬೆಳಗ್ಗೆ ಗಿರಾಕಿ ಇಲ್ಲದ ಹೊತ್ತಿಗೆ ಹೋಗಿ ಕೇಳಿದರೆ ಅರ್ಧ ಗಂಟೆ ಜಾಗ ಕೊಡುತ್ತಾರೆ. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಒಳಗಿನ ಪ್ಲಾಸ್ಟಿಕ್ ಸರಿಸಿದರೆ ಗಾಡಿ ಎತ್ತದೆಯೇ ಪ್ಲಗ್‌ಗೆ ಕೈ ಸಿಗುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ.

ಮನೆಯಲ್ಲೇ ಎತ್ತುವುದಾದರೆ ನಾಲ್ಕೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು ಮಟ್ಟಸವಾಗಿ ನಿಲ್ಲಿಸಿ. ಗಾಡಿ ಜೊತೆ ಬಂದ ಜಾಕ್ ಸ್ಟೆಪ್ನಿ ಬದಲಿಸೋಕೆ ಮಾತ್ರ. ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಬೇಡಿ, ಒಂದೇ ನಿಮಿಷದ ಕೆಲಸ ಆದರೂ ಬೇಡ. ಸಿಮೆಂಟ್ ಬ್ಲಾಕ್ ಮೇಲೂ ನಿಲ್ಲಿಸಬೇಡಿ, ಅದು ಸೂಚನೆ ಕೊಡದೆ ಒಡೆಯುತ್ತದೆ. ಸ್ಟ್ಯಾಂಡ್ ಮೇಲೆ ಇಟ್ಟ ಮೇಲೆ ಗಾಡಿಯನ್ನು ಒಮ್ಮೆ ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ.

ಗಾಡಿ ಓಡಿಸಿ ಬಂದ ಕೂಡಲೇ ಶುರು ಮಾಡಬೇಡಿ. ಸೈಲೆನ್ಸರ್ ಪೈಪ್ ಅಲ್ಲೇ ಪಕ್ಕದಲ್ಲಿ ಹೋಗಿರುತ್ತದೆ, ಮೊಣಕೈ ಸುಡುತ್ತದೆ. ಗೇರ್‌ಗಳಿಗೆ ಅಂಟಿದ ಆಯಿಲ್ ಕೆಳಗೆ ಇಳಿಯಲೂ ಹೊತ್ತು ಬೇಕು. ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಗ್ಗೆ ಬಿಸಿಲೇರುವ ಮುಂಚೆ ನೋಡುವುದೇ ಒಳ್ಳೆಯದು. ನಿಮ್ಮ ಮ್ಯಾನ್ಯುಯಲ್ ಬೇರೆ ರೀತಿ ಹೇಳಿದ್ದರೆ ಅದನ್ನು ಕೇಳಿ.

ಬಿಚ್ಚುವುದು, ಬೆರಳು ಹಾಕಿ ನೋಡುವುದು

ಗೇರ್‌ಬಾಕ್ಸ್‌ಗೆ ಸಾಮಾನ್ಯವಾಗಿ ಎರಡು ಪ್ಲಗ್. ತಳದಲ್ಲಿರುವುದು ಆಯಿಲ್ ಇಳಿಸುವ ಡ್ರೈನ್ ಪ್ಲಗ್. ಪಕ್ಕದಲ್ಲಿ, ಸುಮಾರು ಅರ್ಧ ಎತ್ತರದಲ್ಲಿರುವುದು ತುಂಬುವ ಪ್ಲಗ್, ಲೆವೆಲ್ ನೋಡೋದೂ ಅಲ್ಲೇ. ನಮಗೆ ಬೇಕಿರೋದು ಪಕ್ಕದ್ದು ಮಾತ್ರ. ಇವೆರಡನ್ನು ಬಿಟ್ಟು ಡಬ್ಬಿ ಮೇಲೆ ಇನ್ನೂ ಕೆಲವು ಬೋಲ್ಟ್‌ಗಳು ಪ್ಲಗ್‌ನಂತೆಯೇ ಕಾಣುತ್ತವೆ. ಅವುಗಳಲ್ಲಿ ಕೆಲವದರ ಹಿಂದೆ ಸ್ಪ್ರಿಂಗು, ಗುಂಡು ಇರುತ್ತವೆ, ಗೇರ್ ತನ್ನ ಜಾಗದಲ್ಲಿ ನಿಲ್ಲಲು. ಅದನ್ನು ಬಿಚ್ಚಿದರೆ ಸ್ಪ್ರಿಂಗ್ ಹೊರಗೆ ಹಾರುತ್ತದೆ. ಮ್ಯಾನ್ಯುಯಲ್‌ನ ಚಿತ್ರ ನೋಡಿ, ಇಲ್ಲವೇ ಅದೇ ಮಾಡೆಲ್ ಗೊತ್ತಿರುವ ಮಿಸ್ತ್ರಿ ಹತ್ತಿರ ಒಮ್ಮೆ ಬೆರಳಿಟ್ಟು ತೋರಿಸಲು ಹೇಳಿ. ಗೇರ್‌ಬಾಕ್ಸ್‌ನ ಡ್ರೈನ್ ಪ್ಲಗ್ಗನ್ನು ಇಂಜಿನ್‌ದು ಅಂದುಕೊಂಡು ಬಿಚ್ಚಿ, ಗೇರ್ ಆಯಿಲ್ ಎಲ್ಲ ಇಳಿಸಿ, ಇಂಜಿನ್‌ಗೆ ಡಬಲ್ ಆಯಿಲ್ ತುಂಬಿದ ಪ್ರಸಂಗಗಳು ಗ್ಯಾರೇಜ್ ಲೋಕದಲ್ಲಿ ಹೊಸದಲ್ಲ.

ಬಿಚ್ಚುವ ಮುಂಚೆ ಸ್ವಚ್ಛ ಮಾಡಿ. ಇದು ನಮ್ಮ ಊರುಗಳಿಗೆ ವಿಶೇಷವಾಗಿ ಹೇಳುವ ಮಾತು. ಎರೆ ಮಣ್ಣಿನ ದಾರಿಯಲ್ಲಿ ಮಳೆಗಾಲ ಓಡಿದ ಗಾಡಿ ತಳಕ್ಕೆ ಒಣಗಿದ ಮಣ್ಣು ಪದರ ಪದರವಾಗಿ ಹತ್ತಿರುತ್ತದೆ. ಸಂಡೂರು, ತೋರಣಗಲ್ಲು ಕಡೆ ಓಡಿದ್ದರೆ ಅದಿರಿನ ಕೆಂಪು ಪುಡಿ ಆಯಿಲ್ ಜೊತೆ ಕಲೆತು ಕಪ್ಪುಗೆಂಪು ಹೆಪ್ಪಾಗಿರುತ್ತದೆ. ಪ್ಲಗ್‌ನ ಕುಳಿ ತುಂಬ ಅದೇ. ಮೊಳೆಯ ತುದಿಯಿಂದ ಕುಳಿ ಕೆದರಿ, ಬ್ರಶ್ ಹೊಡೆದು, ಬಟ್ಟೆಯಿಂದ ಒರೆಸಿ, ಪಾನಾ ತಳ ಮುಟ್ಟುವವರೆಗೂ ಬಿಡಬೇಡಿ. ಅರೆಬರೆ ಕೂತ ಅಲೆನ್ ಕೀ ಕುಳಿಯನ್ನು ಸವೆಸಿ ದುಂಡಗೆ ಮಾಡಿಬಿಡುತ್ತದೆ, ಆಮೇಲೆ ಪ್ಲಗ್ ತೆಗೆಯೋಕೆ ವೆಲ್ಡಿಂಗ್‌ನವರೇ ಬರಬೇಕು. ಇನ್ನೊಂದು ಕಾರಣವೂ ಇದೆ. ಡ್ರೈನ್ ಪ್ಲಗ್‌ಗೆ ಮ್ಯಾಗ್ನೆಟ್ ಇದೆಯಲ್ಲ, ಧೂಳು ಒಳಗೆ ಬಿದ್ದರೂ ಅದು ಹಿಡಿಯುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ನಮ್ಮ ಬಳ್ಳಾರಿ ಅದಿರು ಬಹುಪಾಲು ಹೆಮಟೈಟ್, ಕಬ್ಬಿಣದ ಅದಿರೇ ಆದರೂ ಮ್ಯಾಗ್ನೆಟ್‌ಗೆ ಅಷ್ಟಾಗಿ ಅಂಟುವುದಿಲ್ಲ. ಗಟ್ಟಿ ಮಾತ್ರ ಚೆನ್ನಾಗಿಯೇ ಇದೆ, ಅಕ್ಕಸಾಲಿಗರು ಒಡವೆಗೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಇದೇ ಕಬ್ಬಿಣದ ಆಕ್ಸೈಡ್. ಬೇರಿಂಗ್ ಒಳಗೆ ಅದು ಹೋದರೆ ಮಾಡುವ ಕೆಲಸವೂ ಉಜ್ಜುವುದೇ.

ಪ್ಲಗ್ ಬಿಗಿಯಾಗಿದ್ದರೆ ಪೆನಿಟ್ರೇಟಿಂಗ್ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ. ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೆಯುವುದು ಕೊನೆಯ ಮಾತು, ಎಳೆದರೂ ಜರ್ಕ್ ಹೊಡೆಯದೆ ನಿಧಾನ. ಪೂರ್ತಿ ಆಯಿಲ್ ಬದಲಿಸುವ ಆಲೋಚನೆ ಇದ್ದವರು ಇದೊಂದನ್ನು ಮರೆಯಬಾರದು: ಮೊದಲು ಬಿಚ್ಚಬೇಕಾದದ್ದು ತುಂಬುವ ಪ್ಲಗ್, ಆಮೇಲೆ ಡ್ರೈನ್. ಆಯಿಲ್ ಎಲ್ಲ ಇಳಿಸಿದ ಮೇಲೆ ಮೇಲಿನ ಪ್ಲಗ್ ಬರಲೇ ಇಲ್ಲ ಅಂದರೆ ಗಾಡಿಯನ್ನು ಎಳೆದುಕೊಂಡು ಹೋಗುವುದೊಂದೇ ದಾರಿ.

ಪ್ಲಗ್ ಕೊನೆಯ ಸುತ್ತಿಗೆ ಬಂದಾಗ ತಟ್ಟೆ ಕೆಳಗಿರಲಿ. ಎರಡು ಹನಿ ಬಿದ್ದು ನಿಂತರೆ ಲೆವೆಲ್ ಸರಿ ಇದೆ ಅಂತಲೇ ಲೆಕ್ಕ. ಧಾರೆಯಾಗಿ ಬಂದರೆ ಒಂದೋ ಗಾಡಿ ಓರೆ ಇದೆ, ಇಲ್ಲ ಯಾರೋ ಜಾಸ್ತಿ ತುಂಬಿದ್ದಾರೆ. ಮಟ್ಟ ಮತ್ತೊಮ್ಮೆ ನೋಡಿ, ಸರಿ ಇದ್ದರೆ ತಾನಾಗಿ ನಿಲ್ಲುವವರೆಗೆ ಹೋಗಲು ಬಿಡಿ. ಏನೂ ಬರದಿದ್ದರೆ ಕಿರುಬೆರಳು ಒಳಗೆ ಹಾಕಿ, ಮೊದಲ ಗೆಣ್ಣಿನಲ್ಲಿ ಕೆಳಕ್ಕೆ ಬಗ್ಗಿಸಿ. ತೂತಿನ ಒಳ ಅಂಚು ಚೂಪಾಗಿರುತ್ತದೆ, ಅವಸರ ಬೇಡ. ಬಗ್ಗಿಸಿದ ಕೂಡಲೇ ಬೆರಳ ತುದಿಗೆ ಆಯಿಲ್ ತಾಗಿದರೆ ಕೊರತೆ ಸ್ವಲ್ಪ. ಗೆಣ್ಣುದ್ದ ಇಳಿದರೂ ಒಣಗಿದ್ದರೆ ಚೆನ್ನಾಗಿಯೇ ಕಡಿಮೆಯಾಗಿದೆ.

ಬೆರಳು ಹೊರಗೆ ತೆಗೆದು ನೋಡಿ, ಮೂಸಿ. ಗೇರ್ ಆಯಿಲ್‌ಗೆ ಹುಟ್ಟಾ ಗಂಧಕದ ಘಾಟು ಇರುತ್ತದೆ, ಅದು ಕೆಟ್ಟಿರುವುದರ ಗುರುತಲ್ಲ. ಹೊಸದು ಹೊಂಬಣ್ಣ, ಓಡಿದ್ದು ಕಂದು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಟಾಪ್ ಅಪ್ ಬಿಟ್ಟು ಪೂರ್ತಿ ಬದಲಿಸಿ. ಎರಡು ಬೆರಳ ನಡುವೆ ಉಜ್ಜಿದಾಗ ಮರಳಿನ ಕಣ ಸಿಕ್ಕಿದರೂ ಅಷ್ಟೇ. ಡ್ರೈನ್ ಪ್ಲಗ್ ತೆಗೆದಿದ್ದರೆ ಅದರ ಮ್ಯಾಗ್ನೆಟ್ ಮೇಲೆ ಕಾಡಿಗೆಯಂಥ ನಯವಾದ ಕಪ್ಪು ಪೇಸ್ಟ್ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ, ಗೇರ್ ಸವೆದ ಪುಡಿ ಅದು. ಉಗುರಿಗೆ ಸಿಗುವಂಥ ಚೂರು, ಹಲ್ಲಿನ ತುಂಡು ಕಂಡರೆ ಮಾತ್ರ ಗೇರ್‌ಬಾಕ್ಸ್ ಇಳಿಸಬೇಕಾದೀತು.

ಬಣ್ಣ ಬಿಳಿಚಿಕೊಂಡು ಮಸುಕಾಗಿದ್ದರೆ ಒಳಗೆ ನೀರು ಹೋಗಿದೆ. ನಮ್ಮ ಕಡೆ ಇದು ಅಪರೂಪ ಅಲ್ಲ. ಡ್ಯಾಂ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದಾಗ ಪೊಲೀಸರು ಬಂದ್ ಮಾಡುತ್ತಾರೆ, ಊರ ಹಳ್ಳಕ್ಕೆ ಯಾರು ಬಂದ್ ಮಾಡುತ್ತಾರೆ? ದಾಟಿಯೇ ಬಿಡುತ್ತಾರೆ. ಗೇರ್‌ಬಾಕ್ಸ್ ತಲೆಯ ಮೇಲೆ ಗಾಳಿ ಆಡಲು ಬ್ರೀದರ್ ಅಂತ ಸಣ್ಣ ಬಾಯಿ ಇರುತ್ತದೆ. ಬಿಸಿ ಡಬ್ಬಿ ತಣ್ಣೀರಲ್ಲಿ ಮುಳುಗಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಆ ಬಾಯಿಂದಲೋ ಸೀಲ್ ಸಂದಿಯಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಕಲೆತ ಆಯಿಲ್‌ಗೆ ಟಾಪ್ ಅಪ್ ಮಾಡಿ ಪ್ರಯೋಜನ ಇಲ್ಲ. ಎಲ್ಲ ಇಳಿಸಿ ಹೊಸದು ಹಾಕಿ, ಸ್ವಲ್ಪ ದಿನ ಓಡಿಸಿ ಮತ್ತೆ ನೋಡಿ, ಇನ್ನೂ ಮಸುಕಿದ್ದರೆ ಇನ್ನೊಮ್ಮೆ ಬದಲಿಸಿ.

ತುಂಬುವುದರಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ. ನಿಧಾನ ಹಾಕಿ, ತೂತಿನ ಕೆಳ ಅಂಚಿಗೆ ಬಂದು ಹೊರಗೆ ಹನಿಯಲು ಶುರುವಾದಾಗ ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಆಯಿಲ್ ದಪ್ಪ, ಒಳಗೆ ಮೂಲೆ ಮೂಲೆಗೆ ಹರಿದು ಲೆವೆಲ್ ಸ್ವಲ್ಪ ಇಳಿಯುತ್ತದೆ. ಇರಲಿ ಅಂತ ಜಾಸ್ತಿ ತುಂಬಬೇಡಿ. ಗೇರ್ ಕಡೆದು ನೊರೆ ಬರುತ್ತದೆ, ನೊರೆ ಆಯಿಲ್‌ನ ಕೆಲಸ ಮಾಡುವುದಿಲ್ಲ, ಸೀಲ್‌ಗಳಿಂದ ಹೊರಗೂ ಬರುತ್ತದೆ. ಎಷ್ಟು ಹಿಡಿಯಿತು ಅಂತ ಸಿರಿಂಜ್ ಲೆಕ್ಕದಲ್ಲಿ ಬರೆದಿಡಿ. ನೂರು ಇನ್ನೂರು ಎಂಎಲ್ ಆದರೆ ಚಿಂತೆ ಬೇಡ, ಅರ್ಧ ಲೀಟರ್ ದಾಟಿದರೆ ಸೋರುವ ಜಾಗ ಹುಡುಕದೆ ದೂರದ ಊರಿಗೆ ಹೊರಡಬೇಡಿ.

ಪ್ಲಗ್‌ಗೆ ಹೊಸ ವಾಷರ್ ಹಾಕಿ. ತಾಮ್ರ, ಅಲ್ಯುಮಿನಿಯಂ ವಾಷರ್ ಒಮ್ಮೆ ಅಮುಕಿದ ಮೇಲೆ ಮತ್ತೆ ಸರಿಯಾಗಿ ಕೂರುವುದು ಅನುಮಾನ, ಹತ್ತು ಇಪ್ಪತ್ತು ರೂಪಾಯಿಗೆ ಜಿಪುಣತನ ಬೇಡ. ವಾಷರ್ ಬದಲು ಸೀಲೆಂಟ್ ಹೇಳಿರುವ ಕಾರಿಗೆ ಅನಾಬಾಂಡ್ ತರಹದ ಅಂಟನ್ನು ಪ್ಲಗ್‌ನ ಮರೆಗೆ (ತಿರುಪಿನ ಗೆರೆಗಳಿಗೆ) ತೆಳ್ಳಗೆ ಸವರಿ, ಗುಡ್ಡೆ ಹಾಕಿದರೆ ಒಳಗೆ ಉದುರುತ್ತದೆ. ಮೊದಲು ಕೈಯಿಂದಲೇ ಮೂರ್ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಪಾನಾ. ಪ್ಲಗ್ ಉಕ್ಕು, ಡಬ್ಬಿ ಅಲ್ಯುಮಿನಿಯಂ. ಜೋರು ತೋರಿಸಿದರೆ ಮರೆ ಕಿತ್ತು ಬರುವುದು ಡಬ್ಬಿಯದೇ. ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನಾ) ಸಿಕ್ಕರೆ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿ ಮಾಡಿ.

ಹಾಗಾದರೆ ಹೋಗಿದ್ದು ಎಲ್ಲಿಗೆ?

ಇಲ್ಲಿ ನಮ್ಮ ಧೂಳು ನಮಗೇ ಸಹಾಯ ಮಾಡುತ್ತದೆ. ಒಣಗಿದ ಜಾಗದಲ್ಲಿ ಧೂಳು ಹಗುರಾಗಿ ಕೂತಿರುತ್ತದೆ, ಕೈ ಆಡಿಸಿದರೆ ಉದುರುತ್ತದೆ. ಆಯಿಲ್ ಜಿನುಗುವ ಜಾಗದಲ್ಲಿ ಅದೇ ಧೂಳು ಒದ್ದೆಯಾಗಿ ದಪ್ಪಗೆ ಹತ್ತಿ ಕಪ್ಪಾಗಿರುತ್ತದೆ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೂ ಕೆಳಕ್ಕೂ ತಳ್ಳುತ್ತದೆ. ಹಾಗಾಗಿ ಒದ್ದೆ ಇರುವ ಎಲ್ಲಕ್ಕಿಂತ ಮೇಲಿನ, ಮುಂದಿನ ಜಾಗ ಹುಡುಕಿ, ಸೋರುವ ಬಾಯಿ ಅಲ್ಲೇ ಇರುತ್ತದೆ.

ಮೊದಲು ನೋಡಬೇಕಾದದ್ದು ಎರಡೂ ಕಡೆ ಆಕ್ಸಲ್ ಗೇರ್‌ಬಾಕ್ಸ್ ಒಳಗೆ ಹೋಗುವ ಜಾಗ. ಅಲ್ಲಿನ ರಬ್ಬರ್ ಸೀಲ್ ಸವೆಯುವುದೇ ಹೆಚ್ಚು, ಆಕ್ಸಲ್ ಬೂಟ್ (ಆಕ್ಸಲ್ ಕೀಲಿನ ಮೇಲಿನ ರಬ್ಬರ್ ಹೊದಿಕೆ) ಬದಲಿಸುವಾಗ ಒರಟಾಗಿ ಎಳೆದರೂ ಹರಿಯುತ್ತದೆ. ಬೂಟ್ ಒಡೆದು ಚೆಲ್ಲಿದ ಗ್ರೀಸನ್ನೇ ಆಯಿಲ್ ಅಂದುಕೊಳ್ಳಬೇಡಿ, ಗ್ರೀಸ್ ಗಟ್ಟಿ, ಚಕ್ರದ ಒಳಮೈಗೆ ಸುತ್ತಲೂ ಸಿಡಿದಿರುತ್ತದೆ. ಆಮೇಲೆ ಗೇರ್ ರಾಡ್ ಒಳಗೆ ಹೋಗುವ ಸೀಲ್, ರಿವರ್ಸ್ ಲೈಟ್ ಸ್ವಿಚ್, ಎರಡು ಪ್ಲಗ್‌ಗಳು, ಡಬ್ಬಿಯ ಎರಡು ಹೋಳು ಸೇರುವ ಗೆರೆ. ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ತಳದಿಂದ ಹನಿ ಬೀಳುತ್ತಿದ್ದರೆ ಬೆರಳಿಗೆ ತಗೊಂಡು ಮೂಸಿ. ಗಂಧಕದ ಘಾಟಿದ್ದರೆ ಗೇರ್ ಆಯಿಲ್, ಇನ್‌ಪುಟ್ ಶಾಫ್ಟ್ (ಕ್ಲಚ್ ಕಡೆಯಿಂದ ಗೇರ್‌ಬಾಕ್ಸ್ ಒಳಗೆ ಹೋಗುವ ರಾಡ್) ಸೀಲ್ ಹೋಗಿದೆ. ಅದು ಕ್ಲಚ್ ಪ್ಲೇಟಿಗೂ ತಾಗಿ ಕ್ಲಚ್ ಜಾರಲು ಶುರುವಾಗುತ್ತದೆ. ಗೇರ್‌ಬಾಕ್ಸ್ ಇಳಿಸದೆ ಅದಕ್ಕೆ ಮದ್ದಿಲ್ಲ, ಇಳಿಸಿದಾಗ ಕ್ಲಚ್ ಪ್ಲೇಟನ್ನೂ ನೋಡಿಸಿಬಿಡಿ, ಎರಡು ಸಲ ಮಜೂರಿ ಕೊಡುವುದು ತಪ್ಪುತ್ತದೆ.

ಸೀಲ್ ಹೊಸದಾಗಿ ಹಾಕಿದರೂ ಮತ್ತೆ ಮತ್ತೆ ಸೋರುತ್ತಿದ್ದರೆ ಬ್ರೀದರ್ ನೋಡಿ. ಅದರ ಬಾಯಿಗೆ ಮಣ್ಣು ಮೆತ್ತಿಕೊಂಡರೆ ಬಿಸಿಯಾದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ, ಒತ್ತಡ ಸೀಲ್ ಮೇಲೆ ಬೀಳುತ್ತದೆ. ಕ್ಯಾಪ್ ಸುತ್ತಲಿನ ಮಣ್ಣು ತೆಗೆದು, ಅದು ಬೆರಳಿಗೆ ಅಲುಗಾಡುತ್ತದೆಯೇ ಅಂತ ನೋಡಿ. ಮಿಸ್ತ್ರಿಗಳು ಕೂಡ ಇದನ್ನು ಬಹಳ ಸಲ ಮರೆಯುತ್ತಾರೆ.

ಎಲ್ಲ ಆದ ಮೇಲೆ ತಳವನ್ನು ಚೆನ್ನಾಗಿ ಒರೆಸಿ, ಊರೊಳಗೆ ಒಂದು ಸುತ್ತು ಓಡಿಸಿ, ರಾತ್ರಿ ಗಾಡಿ ಕೆಳಗೆ ಹಳೆ ರಟ್ಟು ಹಾಸಿ. ಬೆಳಗ್ಗೆ ಹನಿ ಇದ್ದರೆ ರಟ್ಟಿನ ಮೇಲೆ ಗೊತ್ತಾಗುತ್ತದೆ, ಯಾವ ಕಡೆಗೆ ಬಿದ್ದಿದೆ ಅನ್ನೋದೂ ಗೊತ್ತಾಗುತ್ತದೆ. ಎಸಿ ನೀರಿನ ಕಲೆ ಒಣಗಿ ಹೋಗುತ್ತದೆ, ಆಯಿಲ್‌ದು ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ಮುಂದಿನ ಸರ್ವಿಸ್‌ಗೆ ಗಾಡಿ ಎತ್ತಿದಾಗ ಎದುರಿಗೇ ನಿಂತು ಪ್ಲಗ್ ಬಿಚ್ಚಿಸಿ ನೋಡಿ. ಪೂರ್ತಿ ಬದಲಿಸುವ ಕಿಲೋಮೀಟರ್ ಕಾರಿನಿಂದ ಕಾರಿಗೆ ಬೇರೆ, ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಗಣಿ ರಸ್ತೆ, ಹೊಲದ ದಾರಿ, ಟ್ರಾಲಿ ಎಳೆಯೋದು ಇದ್ದವರು ಅದೇ ಪುಸ್ತಕದಲ್ಲಿ ಕಠಿಣ ಬಳಕೆಗೆ ಅಂತ ಬೇರೆಯಾಗಿ ಕೊಟ್ಟಿರುವ ಲೆಕ್ಕ ಹಿಡಿಯಿರಿ.

ಹಳೆ ಆಯಿಲ್ ಚರಂಡಿಗೋ ಕಾಲುವೆಗೋ ಚೆಲ್ಲಬೇಡಿ, ಅದೇ ನೀರು ಗದ್ದೆಗೆ ಹೋಗುತ್ತದೆ. ಗೆದ್ದಲಿಗೆ ಅಂತ ಬಾಗಿಲು, ತೊಲೆಗೆ ಹಚ್ಚುವುದೂ ಬೇಡ, ಮನೆ ತುಂಬ ಆ ಘಾಟು ತಿಂಗಳುಗಟ್ಟಲೆ ಹೋಗುವುದಿಲ್ಲ. ಖಾಲಿ ಡಬ್ಬಿಗೇ ತುಂಬಿ ಗ್ಯಾರೇಜಿಗೆ ಕೊಡಿ, ಅವರ ಹತ್ತಿರ ಹಳೆ ಆಯಿಲ್ ಡ್ರಮ್ ಇರುತ್ತದೆ, ಕೊಳ್ಳುವವರು ಬಂದು ತೆಗೆದುಕೊಂಡು ಹೋಗುತ್ತಾರೆ.